ಚೀಲದ ಬೆಲೆಯೋ, ಸೇರಿನ ಬೆಲೆಯೋ?

ದಾವಣಗೆರೆಯ ಮಂಡಿಪೇಟೆಯಲ್ಲಿ ನಾಲ್ಕು ದಿನ ಕುಳಿತವನಿಗೂ ಒಂದು ವಿವೇಕ ತಾನಾಗಿಯೇ ಬರುತ್ತದೆ. ಚೀಲದ ಬೆಲೆ ಎಷ್ಟೆಂದು ಕೇಳಿ ಕೊಳ್ಳುವವನು ಹೊಸಬ. ಚೀಲದಲ್ಲಿ ಕಾಳೆಷ್ಟು, ಕಸವೆಷ್ಟು, ಕೊನೆಗೆ ಸೇರಿಗೆ ಬಿದ್ದ ಬೆಲೆಯೆಷ್ಟು ಎಂದು ಲೆಕ್ಕ ಹಾಕಿ ಕೊಳ್ಳುವವನು ಪಳಗಿದ ವ್ಯಾಪಾರಿ. ಅಗ್ಗದ ಚೀಲವೇ ತುಟ್ಟಿಯ ಧಾನ್ಯವಾಗಿ ಪರಿಣಮಿಸುವುದುಂಟು.

ಪೇಟೆಯ ಈ ವಿವೇಕವನ್ನು ಬೇರೊಂದು ಪದಾರ್ಥಕ್ಕೆ ಅನ್ವಯಿಸಿ ನೋಡೋಣ. ಅದು ವಿದ್ಯುತ್ತಿನಿಂದ ನಡೆಯುವ ಗಾಲಿಕುರ್ಚಿಯ ಬ್ಯಾಟರಿ.

ವಾಚಕರು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬೇಕು. ಮಗನಿಗೆ ಮೂವತ್ತು ವರ್ಷ. ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳು ಸ್ವಾಧೀನದಲ್ಲಿಲ್ಲ; ಕೈ ಮತ್ತು ಬುದ್ಧಿ ಎರಡೂ ಚುರುಕು. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಕಿರ್ದಿ ಬರೆಯುವ ಕೆಲಸ. ಮನೆಯಿಂದ ಅಂಗಡಿಗೆ ಮೂರು ಕಿಲೋಮೀಟರು. ಬೆಳಿಗ್ಗೆ ಹೋಗುವಾಗ ಚಿಂತೆಯಿಲ್ಲ. ಸಂಜೆ ಹಿಂದಿರುಗುವಾಗ, ಕುರ್ಚಿಯ ಕೈಬದಿಯ ಪುಟ್ಟ ದೀಪಗಳು ಒಂದೊಂದಾಗಿ ಆರತೊಡಗಿದರೆ ಎದೆ ಢವಗುಟ್ಟುತ್ತದೆ. ಲಾರಿಯಿಂದ ಮೂಟೆ ಇಳಿಯುವ ಬೀದಿಯಲ್ಲಿ ಕುರ್ಚಿ ನಿಂತುಬಿಟ್ಟರೆ ಹಮಾಲರು ಬಂದು ತಳ್ಳಿಯಾರು, ನಿಜ. ಆದರೆ ಯಾರಿಂದಲೂ ತಳ್ಳಿಸಿಕೊಳ್ಳದೆ ಮನೆ ಸೇರಬೇಕೆಂದೇ ಅಲ್ಲವೆ ಅವನು ಯಂತ್ರದ ಕುರ್ಚಿಯನ್ನು ತಂದದ್ದು?

ಈಗ ಬ್ಯಾಟರಿ ಬದಲಾಯಿಸುವ ಕಾಲ ಬಂದಿದೆ. ಲಿಥಿಯಂ ಬ್ಯಾಟರಿ ಹಾಕಿಸೋಣವೆಂದು ಮಗನ ಆಸೆ. “ಒಂದೇ ಸಲಕ್ಕೆ ಅಷ್ಟು ರೊಕ್ಕ ಎಲ್ಲಿಂದ ತರಾದಪ್ಪಾ?” ಎಂದು ತಾಯಿಯ ಪ್ರಶ್ನೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ.

ಎರಡು ಮನೆತನ

ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿ ಹಳೆಯ ಮನೆತನದ್ದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅದನ್ನು ರಚಿಸಿದ್ದು 1859ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ಎಂಬ ಎಂಜಿನಿಯರು ವಿದ್ಯುತ್ ಗಾಲಿಕುರ್ಚಿಯನ್ನು ರೂಪಿಸಿದನು. ಆಮೇಲೆ ಬಹುಕಾಲ ಇಂಥ ಕುರ್ಚಿಗಳ ಒಡಲಲ್ಲಿ ಕುಳಿತಿದ್ದದ್ದು ಸೀಸವೇ.

ಲಿಥಿಯಂ ಬ್ಯಾಟರಿ ಪೇಟೆಗೆ ಬಂದದ್ದು 1991ರಲ್ಲಿ, ಜಪಾನಿನ ಸೋನಿ ಕಂಪನಿಯಿಂದ. 1997ರಲ್ಲಿ ಜಾನ್ ಗುಡಿನಫ್, ಅಕ್ಷಯ ಪಾಧಿ ಮೊದಲಾದವರು ಕಬ್ಬಿಣದ ಫಾಸ್ಫೇಟನ್ನು ಬಳಸಿ ಅದರ ಒಂದು ಹೊಸ ಬಗೆಯನ್ನು ತೋರಿಸಿಕೊಟ್ಟರು. ಲಿಥಿಯಂ ಬ್ಯಾಟರಿಗಾಗಿ 2019ರ ನೊಬೆಲ್ ಪಾರಿತೋಷಕವು ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರೊಡನೆ ಗುಡಿನಫ್ ಅವರಿಗೂ ದೊರೆತಾಗ ಅವರಿಗೆ 97 ವರ್ಷ! ಈ ಕಬ್ಬಿಣದ ಬಗೆಯೇ ನಮಗೆ ಮುಖ್ಯ. ಮೊಬೈಲ್ ಫೋನಿನ ಬ್ಯಾಟರಿಗಿಂತ ತುಸು ಭಾರವಾದರೂ ಅದು ಕಾವನ್ನು ಹೆಚ್ಚು ತಾಳುತ್ತದೆ, ಸುಲಭವಾಗಿ ಉರಿಯುವುದಿಲ್ಲ. ಮನುಷ್ಯನು ಕುಳಿತ ಆಸನದ ಕೆಳಗೆ ಇರತಕ್ಕ ವಸ್ತುವಿಗೆ ಇದಕ್ಕಿಂತ ದೊಡ್ಡ ಗುಣ ಬೇಕೆ?

ಚೀಲದೊಳಗಿನ ಕಾಳು

ಸಾಮಾನ್ಯ ಕುರ್ಚಿಯಲ್ಲಿ 12 ವೋಲ್ಟಿನ, 35 ಆಂಪಿಯರ್ ಗಂಟೆಯ ಎರಡು ಸೀಸದ ಬ್ಯಾಟರಿಗಳಿವೆಯೆನ್ನಿ. ಗುಣಿಸಿದರೆ 840 ವಾಟ್ ಗಂಟೆ. ಇದು ಚೀಲದ ಮೇಲೆ ಬರೆದ ತೂಕ. ಸೀಸದ ಬ್ಯಾಟರಿಯನ್ನು ದಿನವೂ ತಳದವರೆಗೆ ಖಾಲಿ ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆದುದರಿಂದ ಅರ್ಧದಷ್ಟನ್ನು, ಅಂದರೆ 420 ವಾಟ್ ಗಂಟೆಯನ್ನು ಮಾತ್ರ ಬಳಸುವುದು ಜಾಣತನ. ಕಬ್ಬಿಣ ಫಾಸ್ಫೇಟಿನ ಲಿಥಿಯಂ ಬ್ಯಾಟರಿಯಲ್ಲಾದರೋ ಶೇಕಡಾ 80ರಷ್ಟನ್ನು ಧಾರಾಳವಾಗಿ ಬಳಸಬಹುದು. 25.6 ವೋಲ್ಟಿನ, 20 ಆಂಪಿಯರ್ ಗಂಟೆಯ ಪೆಟ್ಟಿಗೆಯಲ್ಲಿ ಇರುವುದು 512 ವಾಟ್ ಗಂಟೆ. ಕೈಗೆ ದಕ್ಕುವುದು ಸುಮಾರು 410. ಚೀಲ ಚಿಕ್ಕದು, ಕಾಳು ಹೆಚ್ಚುಕಡಿಮೆ ಅಷ್ಟೇ! ಕಿಲೋಮೀಟರಿಗೆ 40 ವಾಟ್ ಗಂಟೆ ಖರ್ಚಾದರೆ ಎರಡರಿಂದಲೂ ಹತ್ತು ಕಿಲೋಮೀಟರು ನಡೆಯಬಹುದು.

ಕಿರ್ದಿಯ ಎರಡು ಪುಟ

ಇನ್ನು ಹಣದ ಮಾತು. ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆಯಾಗುವುದರಿಂದ, ಲೆಕ್ಕದ ದಾರಿಯನ್ನು ತೋರಿಸಲು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ವಾಚಕರು ತಾವು ವಿಚಾರಿಸಿದ ಬೆಲೆಗಳನ್ನು ಆ ಜಾಗದಲ್ಲಿ ಬರೆದುಕೊಳ್ಳಲಿ. ಸೀಸದ ಜೋಡಿಗೆ 9,000 ರೂಪಾಯಿ, ಬಾಳಿಕೆ 400 ಸಲದ ಚಾರ್ಜು. ಲಿಥಿಯಂ ಪೆಟ್ಟಿಗೆಗೆ, ಅದರದೇ ಚಾರ್ಜರ್ ಸೇರಿ, 24,000 ರೂಪಾಯಿ. ಬಾಳಿಕೆ 2,000 ಸಲ.

ನಮ್ಮ ಗುಮಾಸ್ತನು ವರ್ಷಕ್ಕೆ 300 ದಿನ ಕೆಲಸಕ್ಕೆ ಹೋಗುತ್ತಾನೆ. ಐದು ವರ್ಷಕ್ಕೆ 1,500 ಸಲ. ಅಷ್ಟರಲ್ಲಿ ಸೀಸದ ನಾಲ್ಕು ಜೋಡಿ ಬೇಕು. ವೆಚ್ಚ 36,000 ರೂಪಾಯಿ, ಅಂದರೆ ದಿನಕ್ಕೆ 24. ಲಿಥಿಯಂ ಒಂದೇ ಸಾಕು, ದಿನಕ್ಕೆ 16. ಹಳೆಯ ಸೀಸಕ್ಕೆ ಗುಜರಿಯಲ್ಲಿ ನಾಲ್ಕು ಕಾಸು ಹುಟ್ಟುವುದನ್ನು ಕಳೆದರೂ ಲಿಥಿಯಮ್ಮಿನದೇ ಮೇಲುಗೈ.

ಆದರೆ ಎರಡನೆಯ ಪುಟವನ್ನೂ ತೆರೆಯಬೇಕು. ವಾರಕ್ಕೆರಡು ಬಾರಿ ಮಾತ್ರ ದೇವಸ್ಥಾನಕ್ಕೋ ಆಸ್ಪತ್ರೆಗೋ ಹೋಗಿಬರುವ ವೃದ್ಧರಿಗೆ ಐದು ವರ್ಷಕ್ಕೆ ಆಗುವುದು ಸುಮಾರು 520 ಸಲ ಮಾತ್ರ. ಸೀಸದ ಎರಡು ಜೋಡಿ, 18,000 ರೂಪಾಯಿಯಲ್ಲಿ ಕೆಲಸ ಸಾಗುತ್ತದೆ. ಅವರ ಮನೆಯವರು 24,000 ಸುರಿಯುವುದು ನಷ್ಟದ ವ್ಯಾಪಾರ. ಲಿಥಿಯಂ ಎಲ್ಲರಿಗೂ ಲಾಭವೆಂದು ಹೇಳುವ ಮಾರಾಟಗಾರನ ಮಾತಿಗೆ ತಲೆದೂಗಬೇಕಾಗಿಲ್ಲ.

ತೆರಿಗೆಯಲ್ಲಿಯೂ ಒಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರಿನ ಬದಲಾವಣೆಯ ಮೇಲೆ ಬ್ಯಾಟರಿಗೆ, ಸೀಸವಾಗಲಿ ಲಿಥಿಯಮ್ಮಾಗಲಿ, ಜಿ.ಎಸ್.ಟಿ. ಶೇಕಡಾ 18, ಗಾಲಿಕುರ್ಚಿಗೆ ಶೇಕಡಾ 5 ಮಾತ್ರ. ಹೊಸ ಕುರ್ಚಿಯನ್ನೇ ಕೊಳ್ಳುವವರು ಲಿಥಿಯಂ ಬ್ಯಾಟರಿಯೊಂದಿಗೇ ಕೊಳ್ಳುವುದು ಮೇಲು.

ಭಾರವೂ ಒಂದು ವೆಚ್ಚ

ಭಾನುವಾರ ಹರಿಹರಕ್ಕೆ ಹೋಗಿ ತುಂಗಭದ್ರೆಯನ್ನು ನೋಡಿ, ಹರಿಹರೇಶ್ವರನಿಗೆ ಕೈಮುಗಿದು ಬರಬೇಕೆಂದು ತಾಯಿಮಕ್ಕಳಿಗೆ ಆಸೆ. ಹದಿನಾಲ್ಕು ಕಿಲೋಮೀಟರನ್ನು ಕುರ್ಚಿಯಲ್ಲಿ ಕ್ರಮಿಸಲಾಗದು. ಕುರ್ಚಿಯನ್ನು ಮಡಚಿ ಕಾರಿನಲ್ಲಿ ಇಡಬೇಕು. ಅದಕ್ಕೆ ಮೊದಲು ಬ್ಯಾಟರಿಯನ್ನು ಎತ್ತಿ ಇಳಿಸಬೇಕು. ಸೀಸದವು ಒಂದೊಂದೂ ಸುಮಾರು ಹತ್ತು ಕಿಲೋ. ಲಿಥಿಯಂ ಪೆಟ್ಟಿಗೆ ಒಟ್ಟು ಐದಾರು ಕಿಲೋ. ಎತ್ತುವವಳು ಅರವತ್ತು ದಾಟಿದ ತಾಯಿ. ಅವಳ ಸೊಂಟದ ನೋವನ್ನು ಯಾವ ಕಿರ್ದಿಯಲ್ಲಿ ಬರೆಯೋಣ?

ಬೇಸಗೆಯ ಮಾತನ್ನೂ ಮರೆಯಬಾರದು. ದಾವಣಗೆರೆಯ ಏಪ್ರಿಲ್ ಬಿಸಿಲು ಸೀಸದ ಬ್ಯಾಟರಿಯ ಆಯುಷ್ಯವನ್ನು ಬೇಗ ತಿನ್ನುತ್ತದೆ. ರಾತ್ರಿ ಕರೆಂಟು ಹೋಗಿ ಅರ್ಧ ಚಾರ್ಜಿನಲ್ಲೇ ಉಳಿಯುತ್ತ ಬಂದರೆ ಅದರ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ ಶಕ್ತಿ ಕುಂದುತ್ತದೆ. ಲಿಥಿಯಮ್ಮಿಗೆ ಅರ್ಧ ಚಾರ್ಜಿನಿಂದ ಕೇಡಿಲ್ಲ. ಆದರೆ ಬಿಸಿಲಲ್ಲಿ ನಿಲ್ಲಿಸಿ ಚಾರ್ಜು ಮಾಡುವುದು ಅದಕ್ಕೂ ಸಲ್ಲದು.

ಕೊಳ್ಳುವ ಮುನ್ನ

ಹಳೆಯ ಕುರ್ಚಿಗೆ ಲಿಥಿಯಂ ಹಾಕಿಸುವವರು ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಮೊದಲನೆಯದು, ಕುರ್ಚಿಯ ತಯಾರಕರು ಇದಕ್ಕೆ ಒಪ್ಪುತ್ತಾರೆಯೆ? ಒಪ್ಪಿಗೆ ಬರವಣಿಗೆಯಲ್ಲಿರಲಿ, ಇಲ್ಲವಾದರೆ ಗ್ಯಾರಂಟಿ ಹೋಗಬಹುದು.

ಎರಡನೆಯದು, ಪೆಟ್ಟಿಗೆಯೊಳಗಿನ ಕಾವಲು ಮಂಡಲಿ, ಅಂದರೆ ಬಿ.ಎಂ.ಎಸ್., ಎಷ್ಟು ಆಂಪಿಯರನ್ನು ತಾಳುತ್ತದೆ? ದಿಣ್ಣೆ ಹತ್ತುವಾಗ ಮೋಟಾರು ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ದುರ್ಬಲ ಮಂಡಲಿಯು ಅಪಾಯವೆಂದು ತಿಳಿದು ಸಂಪರ್ಕವನ್ನೇ ಕಡಿದರೆ ಕುರ್ಚಿ ಇಳಿಜಾರಿನ ನಡುವೆ ನಿಂತೀತು.

ಮೂರನೆಯದು, ಚಾರ್ಜರ್ ಯಾವುದು? ಸೀಸದ ಹಳೆಯ ಚಾರ್ಜರನ್ನು ಲಿಥಿಯಮ್ಮಿಗೆ ಬಳಸಕೂಡದು.

ದೀಪಗಳ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಅವು ಸೀಸದ ಸ್ವಭಾವಕ್ಕೆ ಹೊಂದಿಸಿದವು. ಲಿಥಿಯಮ್ಮಿನ ವೋಲ್ಟೇಜು ಕೊನೆಯವರೆಗೆ ಸಮನಾಗಿದ್ದು ಥಟ್ಟನೆ ಇಳಿಯುವುದರಿಂದ ದೀಪಗಳು ಸುಳ್ಳು ಹೇಳುತ್ತವೆ. ಬೇರೆ ಅಳತೆಯಂತ್ರ ಬೇಕು. ಭಾರ ಕಡಿಮೆಯಾದ ಕೆಲವು ಕುರ್ಚಿಗಳು ದಿಣ್ಣೆಯಲ್ಲಿ ಹಿಂದಕ್ಕೆ ವಾಲುವುದೂ ಉಂಟು. ಮೊದಲ ದಿನ ಹಿಂದೆ ಒಬ್ಬರು ನಿಂತು ಪರೀಕ್ಷಿಸಬೇಕು. ವಿಮಾನದಲ್ಲಿ ಹೋಗುವವರಿಗೆ ಇನ್ನೊಂದು ನಿಯಮವಿದೆ: ಕಳಚುವ ಲಿಥಿಯಂ ಬ್ಯಾಟರಿ 300 ವಾಟ್ ಗಂಟೆಯನ್ನು ಮೀರುವಂತಿಲ್ಲ. ನಮ್ಮ 512ರ ಪೆಟ್ಟಿಗೆಗೆ ಅಲ್ಲಿ ಪ್ರವೇಶವಿಲ್ಲ.

ಪೂರ್ತಿ ಹಣ ಹೊಂದಿಸಲಾಗದವರು ಕೇಂದ್ರ ಸರ್ಕಾರದ ಅಡಿಪ್ ಯೋಜನೆಯನ್ನು ವಿಚಾರಿಸಬೇಕು. ದಾವಣಗೆರೆಯಲ್ಲಿಯೇ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಜಿಲ್ಲೆಯ ವಿಕಲಚೇತನರ ಇಲಾಖೆಯ ಕಚೇರಿಯೂ ಇದೆ. ಅರ್ಜಿ ಕೊಡುವಾಗ ಕುರ್ಚಿ ಬರುವುದೆ ಎಂದಷ್ಟೇ ಕೇಳದೆ, ಅದರೊಳಗಿನ ಬ್ಯಾಟರಿ ಯಾವುದು, ಸವೆದ ಮೇಲೆ ಬದಲಿಗೆ ಏನು ದಾರಿ ಎಂದೂ ಕೇಳಿ.

ಇಷ್ಟೆಲ್ಲ ವಿಚಾರಿಸಿದ ಮೇಲೆ ನಮ್ಮ ತಾಯಿಯ ಪ್ರಶ್ನೆಗೆ ಉತ್ತರವೇನು? ಮಗ ದಿನವೂ ದುಡಿಯಲು ಹೊರಡುವವನಾದ್ದರಿಂದ, ಸಾಲವಾಗದಂತೆ ಕಂತಿನಲ್ಲೋ ಕೂಡಿಟ್ಟೋ ಲಿಥಿಯಂ ಕೊಳ್ಳುವುದೇ ಲೇಸು. ದಿನಕ್ಕೆ ಉಳಿಯುವ ಎಂಟು ರೂಪಾಯಿ ದೊಡ್ಡದಲ್ಲದಿರಬಹುದು. ಆದರೆ ಬ್ಯಾಟರಿ ಹಳೆಯದಾಗುತ್ತ ಬಂದಂತೆ ಮನುಷ್ಯನು ತಾನು ಹೋಗುವ ದೂರವನ್ನು ತನಗೇ ತಿಳಿಯದಂತೆ ಮೊಟಕುಗೊಳಿಸುತ್ತಾನೆ: ಮೊದಲು ಗೆಳೆಯನ ಮನೆ ಬಿಡುತ್ತಾನೆ, ಆಮೇಲೆ ಗ್ರಂಥಾಲಯ, ಕೊನೆಗೆ ಕೆಲಸ. ಅದು ನಿಂತರೆ ಆಗುವ ನಷ್ಟ ಯಾವ ಬ್ಯಾಟರಿಯ ಬೆಲೆಗಿಂತಲೂ ದೊಡ್ಡದು. ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ನಿಶ್ಚಿಂತೆಯಿಂದ ಮನೆಗೆ ಹೊರಡುವಂತಿರಬೇಕು. ಬ್ಯಾಟರಿಯನ್ನು ಆರಿಸುವಾಗ ಮೊದಲು ನೋಡತಕ್ಕದ್ದು ಅದನ್ನೇ.