ಪ್ರತಿನಾಯಕನ ಬಗೆಗಿನ ಅನುಕಂಪ: ಮೈಲಾರದಿಂದ ಬೆಳ್ಳಿತೆರೆಗೆ

ಖಳನ ಸೋಲಿಗೆ ಪ್ರೇಕ್ಷಕರು ಮರುಗುವುದು ಚಲನಚಿತ್ರ ತಂದ ಹೊಸ ರೂಢಿಯಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಐತಿಹ್ಯದಲ್ಲಿ ಮಣಿಕಾಸುರ, ಮಲ್ಲಾಸುರರನ್ನು ಮೈಲಾರಲಿಂಗ ಸಂಹರಿಸುತ್ತಾನೆ. ಇದೇ ಕಥೆಯನ್ನು ನಿರೂಪಿಸುವ ಸಂಸ್ಕೃತದ ‘ಮಲ್ಲಾರಿ ಮಾಹಾತ್ಮ್ಯ’ದಲ್ಲಿ ಸೋತ ಮಣಿ ತನ್ನ ಕುದುರೆಯನ್ನು ದೇವರಿಗೊಪ್ಪಿಸಿ, ಆತನ ಸನ್ನಿಧಿಯಲ್ಲಿ ತನಗೂ ಸ್ಥಾನ ಬೇಡುತ್ತಾನೆ. ಅಸುರನನ್ನು ಶಿಕ್ಷಿಸಿದ ಕಥೆಯೇ ಅವನಿಗೆ ನೆಲೆಯನ್ನೂ ಒದಗಿಸುತ್ತದೆ.

ಶಿಷ್ಟಕಾವ್ಯವೂ ಈ ಜಾಡನ್ನು ಬಲ್ಲದು. ರನ್ನನ ‘ಗದಾಯುದ್ಧ’ದ ದುರ್ಯೋಧನ ರಣರಂಗದಲ್ಲಿ ಕರ್ಣ, ದುಶ್ಶಾಸನರ ಶವಗಳ ಮುಂದೆ ಗೋಳಿಡುತ್ತಾನೆ, ಛಲಗಾರನಲ್ಲಿ ಗೆಳೆಯನೂ ಅಣ್ಣನೂ ಕಾಣಿಸುತ್ತಾರೆ.

ಕನ್ನಡದ ಪೌರಾಣಿಕ ಚಿತ್ರಗಳು ಈ ಕಥನಕ್ರಮವನ್ನು ಮುಂದುವರಿಸಿವೆ. ‘ಭೂಕೈಲಾಸ’ದಲ್ಲಿ (1958) ರಾಜ್‌ಕುಮಾರ್ ಅಭಿನಯಿಸಿದ ರಾವಣ ತಾಯಿಗಾಗಿ ಆತ್ಮಲಿಂಗವನ್ನು ಪಡೆಯುತ್ತಾನೆ; ಅದು ಗೋಕರ್ಣದಲ್ಲಿ ಕೈತಪ್ಪುವಾಗ ಪ್ರೇಕ್ಷಕನ ಮನಸ್ಸು ಅವನ ಕಡೆಗಿರುತ್ತದೆ. ‘ಭಕ್ತ ಪ್ರಹ್ಲಾದ’ದಲ್ಲಿ (1983) ಅವರೇ ನಿರ್ವಹಿಸಿದ ಹಿರಣ್ಯಕಶಿಪುವಿನ ಹರಿದ್ವೇಷಕ್ಕೆ ತಮ್ಮನ ವಧೆ ಮೂಲ. ಆದರೆ ಆ ದುಃಖ ಮಗನ ಮೇಲಿನ ಹಿಂಸೆಯನ್ನು ಸಮರ್ಥಿಸದು.

ಈ ವ್ಯತ್ಯಾಸವೇ ಮುಖ್ಯ. ಖಳನ ಆಕರ್ಷಣೆಯನ್ನು ಕೆಡುಕಿನ ಆಕರ್ಷಣೆಯೆಂದು ಓದುವುದು ಸರಿಯಾಗದು. ಪರಂಪರೆ ಅವನ ನೋವಿಗೆ ಮಾತು ಕೊಟ್ಟಿದೆ, ಕೃತ್ಯಕ್ಕೆ ದಂಡನೆಯನ್ನೂ ಉಳಿಸಿಕೊಂಡಿದೆ. ನೋವನ್ನಷ್ಟೇ ತೋರಿಸಿ ಪೀಡಿತನನ್ನು ಮರೆಸುವ ಚಿತ್ರ ಈ ಪರಂಪರೆಯಿಂದ ದೂರ ಸರಿಯುತ್ತದೆ.