ಹನಿಗೂಡಿದರೂ ಏರದ ಲೆಕ್ಕ

ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು-ಬೈಲಹೊಂಗಲಗಳ ಸೀಮೆಯನ್ನು ಹಾಯ್ದು ಬರುವ ಮಲಪ್ರಭೆಯು ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಂತು, ಅಲ್ಲಿಂದ ರಾಮದುರ್ಗದ ಕಡೆಗೆ ಸಾಗುವಳು. ಈ ಜಲಾಶಯದ ಪೂರ್ಣಮಟ್ಟ 2079.50 ಅಡಿ, ಧಾರಣಶಕ್ತಿ 37.73 ಟಿ.ಎಂ.ಸಿ., ಎಂದರೆ 3,773 ಕೋಟಿ ಘನ ಅಡಿ. ಮಳೆಗಾಲದಲ್ಲಿ ಇಲ್ಲಿಯ ರೈತರು ಕಿವಿಗೊಟ್ಟು ಕೇಳುವ ಇಂತಹ ಅಂಕಿಗಳು ಗಣಕಯಂತ್ರದ ಒಡಲಲ್ಲಿ ಯಾವ ರೂಪವನ್ನು ತಾಳುವುವೆಂಬುದು ವಿಚಾರಾರ್ಹವಾದ ಸಂಗತಿ.

ಸೊನ್ನೆ, ಒಂದುಗಳನ್ನಲ್ಲದೆ ಬೇರೆ ಅಂಕಿಯನ್ನರಿಯದ ಆ ಯಂತ್ರದ ದ್ವಿಮಾನ ಪದ್ಧತಿಯಲ್ಲಿ, ಬಿಂದುವಿನ ಬಲಗಡೆಯ ಸ್ಥಾನಗಳ ಬೆಲೆ ನಮ್ಮ ಹಿರಿಯರು ಲೆಕ್ಕ ಹಾಕುತ್ತಿದ್ದ ಅರ್ಧ, ಕಾಲು, ಅರೆಕಾಲು, ವೀಸಗಳೇ ಆಗಿವೆ. ಆದುದರಿಂದ 2079.50 ಎಂಬುದು ಲವಲೇಶವೂ ಲೋಪವಿಲ್ಲದೆ ಅಲ್ಲಿ ಕುಳಿತುಕೊಳ್ಳುತ್ತದೆ. ಅದೇ ಮಟ್ಟವನ್ನು ಮೀಟರಿನಲ್ಲಿ 633.83 ಎಂದು ಬರೆದೆವಾದರೆ, ಅರ್ಧ-ಕಾಲು-ವೀಸಗಳನ್ನು ಎಷ್ಟು ಕೂಡಿಸಿದರೂ .83 ಸರಿಯಾಗಿ ಒದಗದೆ, ಯಂತ್ರವು ಅದರ ಅತಿ ಸಮೀಪದ ಸಂಖ್ಯೆಯಿಂದಲೇ ತೃಪ್ತಿಪಡಬೇಕಾಗುತ್ತದೆ.

ಇಂತಹ ಸಂಖ್ಯೆಗಳನ್ನು ಯಂತ್ರದಲ್ಲಿ ಬರೆದಿಡುವ ಬಗೆಯನ್ನು ಗೊತ್ತುಪಡಿಸಿದ 1985ರ ಐಇಇಇ 754 ಮಾನಕದಂತೆ, 32 ಬಿಟ್ಟುಗಳಲ್ಲಿ, ಎಂದರೆ ಸೊನ್ನೆ-ಒಂದುಗಳ ಸ್ಥಾನಗಳಲ್ಲಿ, ಒಂದು ಧನಋಣ ಚಿಹ್ನೆಗೆ, ಎಂಟು ಘಾತಾಂಕಕ್ಕೆ, ಉಳಿದ 23 ಅಂಕಿಗಳಿಗೆ ಮೀಸಲು. ಮೊದಲಿನ ಒಂದನ್ನು ಬರೆಯದೆಯೇ ಗ್ರಹಿಸುವುದರಿಂದ ಒಟ್ಟು 24 ಅಂಕಿಗಳು ದೊರೆಯುತ್ತವೆ. ಘಾತಾಂಕವು ಹೇಳಿದತ್ತ ಬಿಂದು ಸರಿಯುವುದರಿಂದಲೇ ಇದಕ್ಕೆ ಫ್ಲೋಟಿಂಗ್ ಪಾಯಿಂಟ್, ತೇಲುವ ಬಿಂದು, ಎಂಬ ಹೆಸರು. ಅಣುವಿನಷ್ಟು ಕಿರಿದನ್ನೂ ಆಕಾಶದಷ್ಟು ಹಿರಿದನ್ನೂ ಹಿಡಿಯಬಲ್ಲ ಈ ಯುಕ್ತಿಯು ನಿಜವಾಗಿ ಸುಂದರವಾದುದು. ಆದರೆ ಅಂಕಿಗಳು 24ನ್ನು ಮೀರವಾದ್ದರಿಂದ, ಸಂಖ್ಯೆ ಬೆಳೆದಂತೆಲ್ಲ ನೆರೆಯ ಸಂಖ್ಯೆಗಳ ನಡುವಣ ಅಂತರವೂ ಬೆಳೆಯುತ್ತದೆ. 633 ಮೀಟರಿನ ಬಳಿ ಮಿಲಿಮೀಟರಿನ ಹತ್ತನೆಯ ಒಂದಂಶಕ್ಕಿಂತಲೂ ಕಡಿಮೆಯಿರುವ ಅಂತರವು, 3,773 ಕೋಟಿ ಘನ ಅಡಿಯ ಬಳಿ 4,096 ಘನ ಅಡಿಗೆ ಏರುತ್ತದೆ!

ತುಂಬಿದ ಜಲಾಶಯದ ಈ ಮೊತ್ತಕ್ಕೆ 1,000 ಘನ ಅಡಿಯನ್ನು ಕೂಡಿಸಿದೆವೆನ್ನಿ. ಅದು ಅಂತರದ ಅರ್ಧವನ್ನೂ ಮುಟ್ಟದ ಕಾರಣ, ಉತ್ತರವು ಮರಳಿ ಹಳೆಯ ಸಂಖ್ಯೆಗೇ ಬಂದು ನಿಲ್ಲುತ್ತದೆ. ಹೀಗೆ ಸಾವಿರ ಸಲ ಕೂಡಿಸಿದರೂ, ಮೂರಂಗುಲದಂತೆ 90 ಎಕರೆಗೂ ಮಿಕ್ಕ ಹೊಲವನ್ನು ತೋಯಿಸಬಲ್ಲ ಹತ್ತು ಲಕ್ಷ ಘನ ಅಡಿ ನೀರು ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಹನಿಗೂಡಿದರೆ ಹಳ್ಳವೆಂಬ ನಮ್ಮ ಗಾದೆಯು ಇಲ್ಲಿ ಸಲ್ಲದು. ಹನಿಗಳನ್ನು ಮೊದಲು ತಮ್ಮತಮ್ಮಲ್ಲೇ ಕೂಡಿಸಿ ಆಮೇಲೆ ಸಾಗರಕ್ಕೆ ಸೇರಿಸುವುದು ಒಂದು ಪರಿಹಾರ. ಆ ಮಾನಕದ ಪ್ರಧಾನ ಶಿಲ್ಪಿಯಾದ ವಿಲಿಯಂ ಕಹಾನ್ ಅವರು 1965ರಲ್ಲಿಯೇ ಪ್ರಕಟಿಸಿದ ಕ್ರಮವಾದರೋ ಇನ್ನೂ ಸೂಕ್ಷ್ಮ: ಪ್ರತಿ ಕೂಡಿಕೆಯಲ್ಲಿ ಜಾರಿಹೋದುದನ್ನು ಬೇರೆಯಾಗಿ ಕಾದಿಟ್ಟು, ಮುಂದಿನ ಕೂಡಿಕೆಗೆ ಸೇರಿಸುವುದು. 64 ಬಿಟ್ಟುಗಳನ್ನು ಬಳಸಿದರೆ ಅಂಕಿಗಳು 53 ಆಗಿ, 3,773 ಕೋಟಿ ಘನ ಅಡಿಯ ಬಳಿಯೂ ಅಂತರವು ಒಂದು ಘನ ಅಡಿಯ 1,31,072ನೆಯ ಒಂದಂಶಕ್ಕೆ, ಎಂದರೆ ಸುಮಾರು ನಾಲ್ಕು ಹನಿ ನೀರಿಗೆ, ಇಳಿಯುತ್ತದೆ.