ಸ್ಕೇಟ್ ಸ್ಕೀ: ಹವ್ಯಾಸಿಯ ದೇಹಕ್ಕೆ ಒಪ್ಪುವ ಆಯ್ಕೆ

ನಾರ್ವೆ, ಸ್ವೀಡನ್, ಫಿನ್ಲೆಂಡ್ ಮೊದಲಾದ ಉತ್ತರದ ದೇಶಗಳಲ್ಲಿ ಹಿಮದ ಮೇಲೆ ಸಂಚರಿಸಲು ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಳ್ಳುವ ವಾಡಿಕೆ ಸಾವಿರಾರು ವರ್ಷಗಳಷ್ಟು ಹಳೆಯದು. ಈ ಪಟ್ಟಿಗಳಿಗೇ ಸ್ಕೀ ಎಂದು ಹೆಸರು. ಕಡಿದಾದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಚಲನಚಿತ್ರಗಳ ಮೂಲಕ ಅನೇಕ ಭಾರತೀಯರಿಗೆ ಪರಿಚಿತವಾಗಿದೆ. ಏರು, ತಗ್ಗು, ಬಯಲುಗಳನ್ನು ಸ್ವಂತ ಬಲದಿಂದಲೇ ದಾಟುವ ‘ಕ್ರಾಸ್ ಕಂಟ್ರಿ’ ಸ್ಕೀಯಿಂಗ್ ಅದಕ್ಕಿಂತ ಭಿನ್ನವಾದುದು. ಇದರಲ್ಲಿ ಕೈ, ಕಾಲು, ಬೆನ್ನು, ಹೊಟ್ಟೆಗಳ ಸ್ನಾಯುಗಳೆಲ್ಲವೂ ಏಕಕಾಲದಲ್ಲಿ ದುಡಿಯುತ್ತವೆ. ಆದ್ದರಿಂದಲೇ ಹೃದಯ ಹಾಗೂ ಶ್ವಾಸಕೋಶಗಳನ್ನು ಬಲಪಡಿಸುವ ವ್ಯಾಯಾಮಗಳಲ್ಲಿ ಇದಕ್ಕೆ ಅಗ್ರಸ್ಥಾನವಿದೆ.

ಹೊಸ ಪದ್ಧತಿಯ ಉದಯ

ಹಳೆಯ ‘ಕ್ಲಾಸಿಕ್’ ಪದ್ಧತಿಯಲ್ಲಿ ಎರಡು ಸ್ಕೀಗಳೂ ಸಮಾನಾಂತರ ಜಾಡಿನಲ್ಲಿ ಸಾಗುತ್ತವೆ. ೧೯೭೦ರ ದಶಕದಲ್ಲಿ ಫಿನ್ಲೆಂಡಿನ ಪೌಲಿ ಸೀಟೊನೆನ್ ದೀರ್ಘ ಓಟಗಳಲ್ಲಿ ಒಂದು ಸ್ಕೀಯನ್ನು ಜಾಡಿನಲ್ಲಿಯೇ ಇರಿಸಿ, ಮತ್ತೊಂದನ್ನು ಓರೆಯಾಗಿ ಹೊರಕ್ಕೆ ಒತ್ತುವ ಕ್ರಮವನ್ನು ಪ್ರಸಿದ್ಧಿಗೆ ತಂದರು. ಇದೇ ಕ್ರಮವನ್ನು ಬಳಸಿಕೊಂಡ ಅಮೆರಿಕದ ಬಿಲ್ ಕೋಕ್ ೧೯೮೨ರಲ್ಲಿ ವಿಶ್ವಕಪ್ ಗೆದ್ದರು. ಬಳಿಕ ಎರಡೂ ಕಾಲುಗಳಿಂದ ಓರೆಯಾಗಿ ಒತ್ತುವ ಸ್ಕೇಟಿಂಗ್ ಪದ್ಧತಿ ಬೆಳೆಯಿತು. ಹಳೆಯ ಪದ್ಧತಿ ಅಳಿದುಹೋದೀತೆಂಬ ಆತಂಕ ಮೂಡಿ ವಾದವಿವಾದಗಳು ನಡೆದವು. ಕೊನೆಗೆ ಎರಡು ಪದ್ಧತಿಗಳಿಗೂ ಪ್ರತ್ಯೇಕ ಓಟಗಳು ಏರ್ಪಟ್ಟವು. ೧೯೮೮ರ ಕ್ಯಾಲ್ಗರಿ ಒಲಿಂಪಿಕ್ಸಿನಲ್ಲಿ ಈ ವಿಂಗಡಣೆ ಜಾರಿಗೆ ಬಂದಿತು.

ಕ್ಲಾಸಿಕ್ ಪದ್ಧತಿಯಲ್ಲಿ ಕಾಲನ್ನು ಹಿಂದಕ್ಕೆ ಒದೆಯುವಾಗ ಸ್ಕೀ ಹಿಮವನ್ನು ಕಚ್ಚಿ ಕ್ಷಣಕಾಲ ನಿಲ್ಲಲೇಬೇಕು. ಸ್ಕೇಟಿಂಗಿನಲ್ಲಿ ಸ್ಕೀ ಓರೆಯಾಗಿ ಜಾರುತ್ತಿರುವಾಗಲೇ ಅದರ ಅಂಚಿನಿಂದ ಪಕ್ಕಕ್ಕೆ ಒತ್ತಲಾಗುತ್ತದೆ. ಚಲನೆ ಎಲ್ಲಿಯೂ ನಿಲ್ಲದ ಕಾರಣ ವೇಗ ಹೆಚ್ಚುತ್ತದೆ.

ಸ್ಕೀಯ ರಚನೆ

ಸ್ಕೇಟ್ ಸ್ಕೀ ಕ್ಲಾಸಿಕ್ ಸ್ಕೀಗಿಂತ ಗಿಡ್ಡ ಹಾಗೂ ಬಿಗಿ. ೧೭೦ ಸೆಂಟಿಮೀಟರ್ ಎತ್ತರದ ವ್ಯಕ್ತಿಗೆ ಸುಮಾರು ೧೭೫ರಿಂದ ೧೮೫ ಸೆಂಟಿಮೀಟರ್ ಉದ್ದದ ಸ್ಕೇಟ್ ಸ್ಕೀ ಒಪ್ಪುತ್ತದೆ. ಹಿಮವನ್ನು ಕಚ್ಚುವ ಅಂಟುಮೇಣ ಇದಕ್ಕೆ ಬೇಡ. ತಳದ ಉದ್ದಕ್ಕೂ ಜಾರುಮೇಣವನ್ನಷ್ಟೇ ಹಚ್ಚುತ್ತಾರೆ. ಪಾದರಕ್ಷೆ ಕಣಕಾಲನ್ನು ಭದ್ರವಾಗಿ ಹಿಡಿಯುವಂತಿರುತ್ತದೆ. ಕೈಗೋಲು ದೇಹದ ಎತ್ತರದ ಶೇಕಡ ೯೦ರಷ್ಟು, ಅಂದರೆ ಗಲ್ಲ ಇಲ್ಲವೆ ತುಟಿಯ ಮಟ್ಟಕ್ಕೆ ಬರುತ್ತದೆ.

ಇಷ್ಟಾದರೂ ಆಯ್ಕೆಯಲ್ಲಿ ಮುಖ್ಯವಾದುದು ಉದ್ದವಲ್ಲ, ತೂಕಕ್ಕೆ ಹೊಂದುವ ಬಿಗಿ. ಸ್ಕೀಯ ನಡುಭಾಗ ಬಿಲ್ಲಿನಂತೆ ಮೇಲಕ್ಕೆ ಬಾಗಿರುತ್ತದೆ. ದೇಹದ ಭಾರ ಬಿದ್ದಾಗ ಈ ಬಿಲ್ಲು ತಗ್ಗಿ, ಒತ್ತಡವನ್ನು ಸ್ಕೀಯ ಉದ್ದಕ್ಕೆ ಹಂಚುತ್ತದೆ. ಸ್ಕೀ ಅತಿಯಾಗಿ ಬಿಗಿಯಾಗಿದ್ದರೆ ಭಾರವೆಲ್ಲ ಎರಡು ತುದಿಗಳಿಗೆ ಸೇರುತ್ತದೆ. ಅಂಚು ಹಿಡಿತ ತಪ್ಪಿ ಕಾಲು ತೂಗಾಡುತ್ತದೆ. ಅತಿಯಾಗಿ ಮೆದುವಾಗಿದ್ದರೆ ನಡುಭಾಗ ಹಿಮಕ್ಕೆ ಉಜ್ಜಿ ವೇಗ ಕುಂದುತ್ತದೆ.

ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಸಮತಟ್ಟಾದ ಹಲಗೆಯ ಮೇಲೆ ಎರಡೂ ಸ್ಕೀಗಳಲ್ಲಿ ಸಮಭಾರ ಹಾಕಿ ನಿಂತಾಗ ಪಾದದ ಕೆಳಗೆ ತೆಳುವಾದ ಕಾಗದ ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಓಡಾಡಬೇಕು. ಪೂರ್ಣ ಭಾರವನ್ನು ಒಂದೇ ಸ್ಕೀಯ ಮೇಲೆ ಹಾಕಿದಾಗ ಆ ಸಂದು ಬಹಳಷ್ಟು ಕಿರಿದಾಗಬೇಕು; ಪೂರ್ತಿ ಮುಚ್ಚಿಹೋಗಬಾರದು.

ಹವ್ಯಾಸಿಗೆ ಎದುರಾಗುವ ತೊಡಕು

ಹವ್ಯಾಸಿ ಓಟಗಳ ಆಕರ್ಷಣೆ ಅಲ್ಪವಾದುದಲ್ಲ. ಸ್ವಿಟ್ಸರ್ಲೆಂಡಿನಲ್ಲಿ ೧೯೬೯ರಿಂದ ನಡೆದುಬಂದಿರುವ ಎಂಗಡೀನ್ ಓಟದಲ್ಲಿ ಸಾವಿರಾರು ಜನಸಾಮಾನ್ಯರು ಮಲೋಯಾದಿಂದ ಹೊರಟು, ಹೆಪ್ಪುಗಟ್ಟಿದ ಸರೋವರಗಳನ್ನು ದಾಟಿ, ೪೨ ಕಿಲೋಮೀಟರ್ ಸಾಗುತ್ತಾರೆ. ಇಂಥ ಓಟದ ಕನಸು ಕಾಣುವವರು ವಿಜೇತರು ಧರಿಸಿದ ಸ್ಕೀಯನ್ನೇ ಕೊಳ್ಳಲು ಹಂಬಲಿಸುವುದು ಸಹಜ. ಆದರೆ ಬಲಿಷ್ಠ ಕಾಲುಗಳ ಮಿಂಚಿನ ಒತ್ತಿಗಾಗಿ ಸಿದ್ಧವಾದ ಬಿಗಿ ಸ್ಕೀ ಹೊಸಬರಿಗೆ ಭಾರವಾಗಿ ಪರಿಣಮಿಸುತ್ತದೆ.

ಕಾರಣ ಹೀಗಿದೆ. ಸ್ಕೇಟಿಂಗ್ ಪದ್ಧತಿಯಲ್ಲಿ ಒಂಟಿ ಕಾಲಿನ ಮೇಲೆ ಸಮತೋಲ ಸಾಧಿಸದವರಿಗೆ ನಿಧಾನವಾಗಿ ಸಾಗುವುದೇ ಕಷ್ಟ. ಸಣ್ಣ ಏರಿನಲ್ಲಿಯೂ ಅವರ ನಾಡಿಮಿಡಿತ ಗರಿಷ್ಠ ಮಟ್ಟವನ್ನು ಸಮೀಪಿಸುತ್ತದೆ. ಹೃದಯದ ಸಾಮರ್ಥ್ಯ ಬೆಳೆಯುವುದಾದರೋ ಮುಖ್ಯವಾಗಿ ದೀರ್ಘವೂ ಹಗುರವೂ ಆದ ಶ್ರಮದಿಂದ. ಅಂತರರಾಷ್ಟ್ರೀಯ ಸ್ಪರ್ಧಿಗಳು ಕೂಡ ತಮ್ಮ ಅಭ್ಯಾಸದ ಬಹುಭಾಗವನ್ನು ಜೊತೆಗಾರರೊಡನೆ ಮಾತನಾಡುತ್ತ ಸಾಗಬಹುದಾದ ವೇಗದಲ್ಲಿಯೇ ಮಾಡುತ್ತಾರೆ. ಆದುದರಿಂದ ತನ್ನ ತೂಕಕ್ಕೆ ಒಪ್ಪುವ, ಸ್ಥಿರವಾಗಿ ಜಾರುವ, ಮಧ್ಯಮ ಬಿಗಿಯ ಸ್ಕೀಯೇ ಹವ್ಯಾಸಿಗೆ ಹಿತ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿ ಹಣಕ್ಕೂ ಅನ್ವಯಿಸುತ್ತದೆ, ಹೃದಯಕ್ಕೂ ಅನ್ವಯಿಸುತ್ತದೆ.

ಆರೋಗ್ಯದ ಎಚ್ಚರಿಕೆಗಳು

ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹ ಉಳ್ಳವರು ವೈದ್ಯರ ಸಲಹೆ ಪಡೆದೇ ಅಭ್ಯಾಸ ಆರಂಭಿಸಬೇಕು. ಎದೆನೋವು, ತಲೆಸುತ್ತು ಅಥವಾ ಅಸಾಧಾರಣ ಏದುಸಿರು ಕಂಡುಬಂದ ಕೂಡಲೇ ನಿಂತು, ನೆರವು ಪಡೆಯತಕ್ಕದ್ದು. ಚಳಿಯ ಒಣಗಾಳಿಯನ್ನು ರಭಸದಿಂದ ಉಸಿರಾಡುವುದರಿಂದ ಶ್ವಾಸನಾಳಗಳು ಸಂಕುಚಿಸುತ್ತವೆ; ಉಬ್ಬಸವುಳ್ಳವರು ಬಾಯಿ ಮೂಗುಗಳಿಗೆ ವಸ್ತ್ರ ಸುತ್ತಿಕೊಳ್ಳುವುದು ಲೇಸು. ಸ್ಕೀಯ ಮೇಣವನ್ನು ಕಾಯಿಸಿ ಹಚ್ಚುವಾಗ ಹೊಗೆ ಏಳುವುದರಿಂದ ಕೋಣೆಯಲ್ಲಿ ಗಾಳಿಯ ಸಂಚಾರವಿರಬೇಕು. ವೇಗಕ್ಕಾಗಿ ಬಳಸುತ್ತಿದ್ದ ಫ್ಲೋರಿನ್‌ಯುಕ್ತ ಮೇಣಗಳು ದೇಹದಲ್ಲಿಯೂ ಪರಿಸರದಲ್ಲಿಯೂ ಬಹುಕಾಲ ಉಳಿಯುವುದರಿಂದ, ೨೦೨೩–೨೪ರ ಋತುವಿನಿಂದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಸ್ಪರ್ಧೆಗಳಲ್ಲಿ ಅವನ್ನು ನಿಷೇಧಿಸಲಾಗಿದೆ.

ಭಾರತಕ್ಕೂ ಈ ಕ್ರೀಡೆ ತೀರ ಅಪರಿಚಿತವಲ್ಲ. ತಾಶಿ ಲುಂಡುಪ್ ೨೦೧೦ರಲ್ಲಿ, ಜಗದೀಶ್ ಸಿಂಗ್ ೨೦೧೮ರಲ್ಲಿ ಒಲಿಂಪಿಕ್ಸಿನ ೧೫ ಕಿಲೋಮೀಟರ್ ಸ್ಕೇಟಿಂಗ್ ಓಟದಲ್ಲಿ ಭಾಗವಹಿಸಿದ್ದರು. ಹಿಮವನ್ನೇ ಕಾಣದ ಕೊಡಗಿನಲ್ಲಿ ಹುಟ್ಟಿದ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಪದಕ ತಂದಿರುವುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿ.

ನಗರದ ರಸ್ತೆಯಲ್ಲಿ ಬೆಳಗಿನ ಓಟಕ್ಕೆ ಹೊರಡುವವರಿಗೂ ಹಿಮದ ಈ ಪಾಠ ಸಲ್ಲುತ್ತದೆ: ಸಾಧನವು ದೇಹಕ್ಕೆ ಒಪ್ಪಬೇಕು, ಶ್ರಮವು ಹೃದಯಕ್ಕೆ ಒಪ್ಪಬೇಕು. ಇವೆರಡೂ ಒಪ್ಪಿದಲ್ಲಿ ವೇಗವು ಕಾಲಕ್ರಮದಲ್ಲಿ ತಾನಾಗಿಯೇ ಕೈಗೂಡುತ್ತದೆ.